ದಿನಾ ಅದೇ ಪಾಪವನ್ನು ಅರಿಕೆ ಮಾಡ್ತೀನಿ, ಆದರೂ ಸಮಾಧಾನ ಯಾಕಿಲ್ಲ?

ಪ್ರಶ್ನೆ: ನನಗೆ 46 ವರ್ಷ. ಚಿಕ್ಕಂದಿನಿಂದ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ತಿಂಗಳುಗಟ್ಟಲೆ ಕೂತು ಮಾಡಿದ ಯೋಜನೆಯನ್ನು ನನ್ನದೇ ಎಂಬಂತೆ ಮೇಲಿನವರ ಮುಂದೆ ಇಟ್ಟೆ. ಅದರಿಂದ ನನಗೆ ಬಡ್ತಿ ಸಿಕ್ಕಿತು. ಆಕೆ ಈಗ ನನ್ನ ಕೈಕೆಳಗೇ ಕೆಲಸ ಮಾಡುತ್ತಾರೆ. ಈ ಪಾಪವನ್ನು ಪ್ರತಿ ರಾತ್ರಿ ದೇವರ ಮುಂದೆ ಅರಿಕೆ ಮಾಡುತ್ತೇನೆ, ಸಮಾಧಾನ ಮಾತ್ರ ಇಲ್ಲ. ನನ್ನೊಳಗೆ ಲೋಕ ಇನ್ನೂ ಉಳಿದಿದೆ ಅಂದುಕೊಂಡು ಕಳೆದ ವರ್ಷ ಮನೆಯಿಂದ ಟಿವಿ ತೆಗೆಸಿದೆ, ಸಿನಿಮಾ ಬಿಟ್ಟೆ, ವಿಶ್ವಾಸಿಗಳಲ್ಲದ ಹಳೆಯ ಗೆಳೆಯರನ್ನೂ ಬಿಟ್ಟೆ. ಆದರೆ ಮನೆಯಲ್ಲಿ ನನ್ನ ಸಿಟ್ಟು ಜಾಸ್ತಿ ಆಗಿದೆ. ಮೊನ್ನೆ ಮಗಳು ‘ಟಿವಿ ನೋಡ್ತಿದ್ದಾಗ್ಲೇ ನೀವು ಚೆನ್ನಾಗಿದ್ರಿ ಅಪ್ಪ’ ಅಂದಳು. ನಾನು ಎಲ್ಲಿ ತಪ್ಪುತ್ತಿದ್ದೇನೆ? ಆಕೆಗೆ ಹೇಳಲೇಬೇಕಾ, ದೇವರಿಗೆ ಹೇಳಿದ್ದು ಸಾಲದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ, ನೀವು ಕಾಯುತ್ತಿರುವುದು ಅದಕ್ಕೇ ಅಂತ ನನಗೆ ಅನಿಸುತ್ತದೆ. ಹೌದು, ಆಕೆಗೆ ಹೇಳಬೇಕು. ಹೇಗೆ, ಯಾವಾಗ, ಯಾರ ಮುಂದೆ ಅನ್ನುವುದನ್ನು ಆಮೇಲೆ ನೋಡೋಣ. ಹೇಳಬೇಕಾ ಬೇಡವಾ ಅನ್ನುವ ಲೆಕ್ಕ ನಾಲ್ಕು ವರ್ಷದಿಂದ ನಿಮ್ಮೊಳಗೆ ನಡೆಯುತ್ತಿದೆ ಅಲ್ವಾ, ಅದನ್ನು ಇವತ್ತಿಗೆ ನಿಲ್ಲಿಸಿ.

ನೀವು ಮೂರು ತೊಂದರೆ ಬರೆದಿದ್ದೀರಿ. ಪ್ರಾರ್ಥನೆಯಲ್ಲಿ ಸಮಾಧಾನ ಇಲ್ಲ, ಲೋಕ ಬಿಟ್ಟುಹೋಗುತ್ತಿಲ್ಲ, ಮನೆಯಲ್ಲಿ ಸಿಟ್ಟು. ನನಗೆ ಇದು ಒಂದೇ ಗಂಟಿನ ಮೂರು ಎಳೆಗಳ ಹಾಗೆ ಕಾಣುತ್ತದೆ. ಬೈಬಲಿನಲ್ಲಿರುವ ಯೋಹಾನನ ಮೊದಲನೆಯ ಪತ್ರಿಕೆಯನ್ನು 27 ವರ್ಷದಿಂದ ಪಾಠ ಮಾಡಿಕೊಂಡು ಬಂದಿದ್ದೇನೆ. ಬರೀ 5 ಅಧ್ಯಾಯ, 105 ವಚನ, ಅರ್ಧ ಗಂಟೆಯೊಳಗೆ ಓದಿ ಮುಗಿಸಬಹುದು. ಪಾಪದ ಅರಿಕೆ, ಲೋಕವನ್ನು ಪ್ರೀತಿಸಬೇಡಿ ಅನ್ನುವ ಮಾತು, ಸಹೋದರನನ್ನು ಪ್ರೀತಿಸಿ ಅನ್ನುವ ಮಾತು, ಮೂರೂ ಅದರಲ್ಲೇ ಇವೆ. ನಮ್ಮ ಕಷ್ಟ ಏನೆಂದರೆ ಸಭೆಗಳಲ್ಲಿ ಇವನ್ನು ಮೂರು ಬೇರೆ ಬೇರೆ ಭಾನುವಾರ ಮೂರು ಬೇರೆ ಪ್ರಸಂಗವಾಗಿ ಕೇಳುತ್ತೇವೆ. ಪತ್ರಿಕೆಯನ್ನು ಒಂದೇ ಸಲ ಕೂತು ಓದಿದವರಿಗೆ ಮಾತ್ರ ಅದು ಒಂದೇ ಉಸಿರಿನ ಮಾತು ಅಂತ ಗೊತ್ತಾಗುತ್ತದೆ.

ಅರಿಕೆಯಿಂದ ಶುರು ಮಾಡೋಣ. ಆ ಪತ್ರಿಕೆಯ 1:9 ನಿಮಗೆ ಬಾಯಿಪಾಠ ಇರುತ್ತದೆ. ನಮ್ಮ ಪಾಪಗಳನ್ನು ಒಪ್ಪಿಕೊಂಡು ಅರಿಕೆ ಮಾಡಿದರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ನಮ್ಮನ್ನು ಕ್ಷಮಿಸುತ್ತಾನೆ. ಅಲ್ಲಿರುವ ಗ್ರೀಕ್ ಕ್ರಿಯಾಪದ ಹೊಮೊಲೊಗೆಯೋ. ಹೊಮೊ ಅಂದರೆ ಅದೇ, ಲೊಗೆಯೋ ಭಾಗದಲ್ಲಿ ಹೇಳುವುದು ಅನ್ನುವ ಅರ್ಥ ಇದೆ. ಅಂದರೆ ‘ಅದನ್ನೇ ಹೇಳು’. ನನ್ನ ಕೆಲಸದ ಬಗ್ಗೆ ದೇವರು ಏನು ಹೇಳುತ್ತಾನೋ ನಾನೂ ಅದನ್ನೇ ಹೇಳುವುದು. ನಮ್ಮ ತಪ್ಪೊಪ್ಪಿಗೆ ಅನ್ನುವ ಪದ ಇದಕ್ಕೆ ತುಂಬಾ ಹತ್ತಿರ ಬರುತ್ತದೆ, ತಪ್ಪಿನ ಜೊತೆ ಒಪ್ಪಿಗೆ ಇರಬೇಕು.

ಆದರೆ ದಿನದ ಮಾತಿನಲ್ಲಿ ನಾವು ಏನು ಹೇಳುತ್ತೇವೆ? ‘ತಪ್ಪಾಯ್ತು’ ಅಂತೇವೆ. ಮಳೆ ಬಂತು, ಹೊತ್ತಾಯ್ತು ಅಂದ ಹಾಗೆ. ಮಾಡಿದವನು ಯಾರು ಅಂತ ಆ ಮಾತಿನಲ್ಲಿ ಇಲ್ಲವೇ ಇಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ‘ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಿ’. ಅಲ್ಲಿ ತಪ್ಪು ಆಗಿದೆಯೋ ಇಲ್ಲವೋ ಅನ್ನುವುದೂ ಅನುಮಾನ. ನಿಮ್ಮ ರಾತ್ರಿಯ ಪ್ರಾರ್ಥನೆಯ ಮಾತುಗಳು ನನಗೆ ಗೊತ್ತಿಲ್ಲ. ಆದರೆ ನನ್ನ ಬಳಿ ಬಂದು ಇಂಥ ವಿಷಯ ಹೇಳಿಕೊಂಡವರಲ್ಲಿ ಹೆಚ್ಚಿನವರು ದೇವರ ಮುಂದೆ ‘ಕರ್ತನೇ, ಆ ವಿಷಯದಲ್ಲಿ ನನ್ನನ್ನು ಕ್ಷಮಿಸು’ ಅಂತಲೇ ಪ್ರಾರ್ಥಿಸುತ್ತಿದ್ದರು. ಆ ವಿಷಯ. ಅದಕ್ಕೊಂದು ಹೆಸರಿಲ್ಲ, ಮುಖ ಇಲ್ಲ.

ಇಲ್ಲಿ ಒಂದನ್ನು ಸ್ಪಷ್ಟ ಮಾಡಬೇಕು. ಆಕೆಗೆ ಹೇಳುವ ತನಕ ದೇವರು ಕ್ಷಮೆಗೆ ಬೀಗ ಹಾಕಿ ಇಟ್ಟುಕೊಂಡಿದ್ದಾನೆ ಅಂತ ನಾನು ಹೇಳುತ್ತಿಲ್ಲ. ಕ್ಷಮೆ ಕ್ರಿಸ್ತನ ರಕ್ತದ ಮೇಲೆ ನಿಂತಿದೆ, ನಿಮ್ಮ ಧೈರ್ಯದ ಮೇಲೆ ನಿಂತಿಲ್ಲ. ಆದರೆ ನೀವು ನಾಲ್ಕು ವರ್ಷದ ಹಿಂದಿನ ಪಾಪ ಅಂತ ಬರೆದಿದ್ದೀರಿ, ಅಲ್ಲೇ ನಿಮಗೆ ಕಣ್ಣು ತಪ್ಪಿದೆ. ಆ ಪಾಪ ನಾಲ್ಕು ವರ್ಷದ ಹಿಂದೆ ಶುರುವಾಯಿತು, ಮುಗಿದಿಲ್ಲ. ಆ ಕುರ್ಚಿಯಲ್ಲಿ ನೀವು ಇವತ್ತೂ ಕೂತಿದ್ದೀರಿ. ಪ್ರತಿ ತಿಂಗಳ ಸಂಬಳದ ಜೊತೆ ಆ ಸುಳ್ಳು ಹೊಸದಾಗಿ ಮತ್ತೊಮ್ಮೆ ನಡೆಯುತ್ತದೆ. ಆಕೆ ಬೆಳಿಗ್ಗೆ ಬಂದು ನಿಮ್ಮ ಮುಂದೆ ನಿಂತು ತನ್ನ ಕೆಲಸದ ವರದಿ ಕೊಡುವಾಗಲೂ ನಡೆಯುತ್ತದೆ. ಹಗಲಿಡೀ ನಡೆಯುವುದನ್ನು ರಾತ್ರಿ ‘ಹಿಂದೆ ಮಾಡಿದ್ದು’ ಅಂತ ಹೇಳಿದರೆ ಅದು ದೇವರು ಹೇಳುವ ಮಾತಲ್ಲ, ಆತ ಹಾಗೆ ಹೇಳುತ್ತಿಲ್ಲ. ಸಮಾಧಾನ ಬರದೇ ಇರುವುದು ಆತ ನಿಮ್ಮನ್ನು ಕೈಬಿಟ್ಟ ಗುರುತು ಅಂತ ನನಗೆ ಅನಿಸುವುದಿಲ್ಲ. ಕೈ ಬಿಡದೆ ಹಿಡಿದುಕೊಂಡಿರುವ ಗುರುತು ಅದು. ದಾವೀದ ಕೀರ್ತನೆ 32ರಲ್ಲಿ ಹೇಳುವುದು ಇದನ್ನೇ. ಅರಿಕೆ ಮಾಡದೆ ಸುಮ್ನೆ ಇದ್ದಾಗ ಅವನ ಎಲುಬುಗಳೇ ಸವೆದುಹೋದವು, ಹಗಲೂ ರಾತ್ರಿ ದೇವರ ಕೈ ತನ್ನ ಮೇಲೆ ಭಾರವಾಗಿತ್ತು ಅನ್ನುತ್ತಾನೆ. ಆ ಭಾರದ ಕೈ ಮುದ್ದಿಸುವ ಕೈಯೇ.

‘ದೇವರಿಗೆ ಹೇಳಿದ್ದು ಸಾಲದಾ’ ಅಂತ ಕೇಳಿದ್ದೀರಿ. ಬೈಬಲಿನ ಅರಣ್ಯಕಾಂಡ 5:6-7 ತೆಗೆದು ನೋಡಿ. ಅಲ್ಲಿ ಅರಿಕೆ ಮತ್ತು ವಾಪಸು ಕೊಡುವುದು ಒಂದೇ ವಾಕ್ಯದಲ್ಲಿ ಬರುತ್ತವೆ. ಮಾಡಿದ ಪಾಪವನ್ನು ಅರಿಕೆ ಮಾಡಬೇಕು, ಪೂರ್ತಿ ನಷ್ಟ ಕಟ್ಟಿಕೊಡಬೇಕು, ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಿ, ಯಾರಿಗೆ ಅನ್ಯಾಯ ಆಯಿತೋ ಅವರ ಕೈಗೇ ಕೊಡಬೇಕು. ದೇವಸ್ಥಾನದ ಪೆಟ್ಟಿಗೆಗೆ ಹಾಕಿದರೆ ಮುಗಿಯುತ್ತಿರಲಿಲ್ಲ. ಯೇಸು ಮತ್ತಾಯ 5:23-24ರಲ್ಲಿ ಇದನ್ನು ಇನ್ನೂ ಬಿಗಿ ಮಾಡಿದ. ಯಜ್ಞವೇದಿಯ ಹತ್ತಿರ ಕಾಣಿಕೆ ತಂದು ನಿಂತಾಗ, ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಅಂದ. ಇದನ್ನು ಕೇಳುತ್ತಿದ್ದವರು ಗಲಿಲಾಯದ ಜನ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಕಾಲ್ನಡಿಗೆಯಲ್ಲಿ ಮೂರು ನಾಲ್ಕು ದಿನದ ದಾರಿ. ಅಷ್ಟು ದೂರ ನಡೆದು ಬಂದವನು ಕಾಣಿಕೆ ಬಿಟ್ಟು ಊರಿಗೆ ವಾಪಸು ನಡೆದು, ಮಾತಾಡಿ, ಮತ್ತೆ ನಡೆದು ಬರಬೇಕು. ಕೇಳಿದವರಿಗೆ ಆ ದೂರದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ನಿಮ್ಮ ದಾರಿ ಅಷ್ಟು ಉದ್ದ ಇಲ್ಲ, ಪಕ್ಕದ ಕೋಣೆಯ ತನಕ ಅಷ್ಟೇ. ಆದರೂ ಅದೇ ಎಲ್ಲಕ್ಕಿಂತ ದೂರ ಅನಿಸುತ್ತದೆ ಅಂತ ನನಗೆ ಗೊತ್ತು, ಯಾಕೆಂದರೆ ನಾನೂ ಒಮ್ಮೆ ಆ ದಾರಿ ನಡೆಯಬೇಕಾಯಿತು.

ಬಹಳ ವರ್ಷದ ಹಿಂದೆ ನನ್ನ ತಮ್ಮ ಮನೆಗೆ ಬಂದು ಸಾಲ ಕೇಳಿದ. ಅವನ ಮಗುವಿಗೆ ಆಪರೇಷನ್ ಆಗಬೇಕಿತ್ತು. ನನ್ನ ಹತ್ತಿರ ದುಡ್ಡಿತ್ತು, ಮನೆ ಕಟ್ಟಲು ಕೂಡಿಟ್ಟಿದ್ದೆ. ‘ಎಲ್ಲಾ ಒಂದು ಕಡೆ ಹಾಕಿಬಿಟ್ಟಿದ್ದೀನಿ ಕಣೋ, ಈಗ ಕೈಗೆ ಸಿಗಲ್ಲ’ ಅಂದೆ. ಅವನು ನೀರು ಕುಡಿದು ಎದ್ದು ಹೋದ. ಬೇರೆ ಕಡೆ ಹೊಂದಿಸಿಕೊಂಡ, ಮಗು ಉಳಿಯಿತು. ಎರಡು ವರ್ಷ ನಾನು ಅದನ್ನು ದೇವರ ಮುಂದೆ ಅರಿಕೆ ಮಾಡಿದೆ, ಅತ್ತುಕೊಂಡೇ ಮಾಡಿದೆ. ಅದೇ ಎರಡು ವರ್ಷ ತರಗತಿಯಲ್ಲಿ ಈ ಪತ್ರಿಕೆಯ ಮೂರನೆಯ ಅಧ್ಯಾಯವನ್ನೂ ಪಾಠ ಮಾಡಿದೆ. ಕೊನೆಗೆ ಒಂದು ಸಂಜೆ ಅವನ ಮನೆಗೆ ಹೋದೆ. ಅವನು ಮೆಟ್ಟಿಲ ಮೇಲೆ ಕೂತು ಮಗನ ಸೈಕಲ್ಲಿನ ಚೈನು ಸರಿ ಮಾಡುತ್ತಿದ್ದ. ನಿಂತುಕೊಂಡೇ ಹೇಳಿದೆ, ‘ಅವತ್ತು ನನ್ನ ಹತ್ತಿರ ದುಡ್ಡಿತ್ತು. ಇಲ್ಲ ಅಂತ ಸುಳ್ಳು ಹೇಳಿದೆ.’ ಅವನು ಚೈನಿನಿಂದ ಕಣ್ಣು ತೆಗೆಯಲಿಲ್ಲ. ‘ಗೊತ್ತು’ ಅಂದ. ‘ಪಾಸ್‌ಬುಕ್ ಮೇಜಿನ ಮೇಲೇ ಇತ್ತು. ನೀನು ನೀರು ತರೋಕೆ ಒಳಗೆ ಹೋದಾಗ ನೋಡಿದೆ.’

ಎರಡು ವರ್ಷ ಅವನಿಗೆ ಗೊತ್ತಿತ್ತು. ಸಿಕ್ಕಾಗಲೆಲ್ಲ ನಗುನಗುತ್ತಾ ಮಾತಾಡಿಸಿದ್ದ. ನನಗೆ ಕಾಲಲ್ಲಿ ಶಕ್ತಿ ಇಲ್ಲದ ಹಾಗಾಯಿತು. ಅವನು ‘ಪರವಾಗಿಲ್ಲ ಬಿಡು’ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಸೈಕಲ್ಲನ್ನು ಓರೆ ಮಾಡಿ ‘ಆ ಕಡೆ ಹಿಡ್ಕೋ’ ಅಂದ. ಹಿಡಿದುಕೊಂಡೆ. ಅವನು ಇವತ್ತಿಗೂ ನನ್ನ ಹತ್ತಿರ ಸಾಲ ಕೇಳುವುದಿಲ್ಲ. ಕ್ಷಮೆ ಅಂದರೆ ಎಲ್ಲವೂ ಮೊದಲಿನ ಹಾಗೆ ಆಗುತ್ತದೆ ಅಂತ ನಾನು ನಿಮಗೆ ಮಾತು ಕೊಡಲಾರೆ. ಆದರೆ ಅವತ್ತಿನಿಂದ ಅವನ ಮುಖವನ್ನು ನೇರ ನೋಡಿ ಮಾತಾಡುತ್ತೇನೆ. ಇನ್ನೊಂದು ಮಾತು, ಆಕೆಗೆ ಗೊತ್ತಿಲ್ಲ ಅಂತ ನೀವು ಅಂದುಕೊಂಡಿರಬಹುದು. ತಿಂಗಳುಗಟ್ಟಲೆ ತಾನು ಕೂತು ಮಾಡಿದ ಕೆಲಸದ ಗುರುತು ಯಾರಿಗಾದರೂ ಸಿಗದೇ ಇರುತ್ತಾ?

ಈಗ ಲೋಕದ ವಿಷಯ. ನೀವು ಹೆಚ್ಚು ಕಷ್ಟಪಟ್ಟಿರುವುದು ಇಲ್ಲೇ, ದಾರಿ ತಪ್ಪಿರುವುದೂ ಇಲ್ಲೇ. ಯೋಹಾನ ಈ ಪತ್ರಿಕೆಯ 2:16ರಲ್ಲಿ ಮೂರು ಹೆಸರು ಹೇಳುತ್ತಾನೆ, ನಮ್ಮ ಹಳೆಯ ಬೈಬಲಿನ ಮಾತಲ್ಲೇ ಹೇಳಿದರೆ ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬ. ಮೊದಲನೆಯ ಎರಡರ ಬಗ್ಗೆ ಸಭೆಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಮೂರನೆಯದನ್ನು ಬೇಗ ಓದಿ ಮುಂದೆ ಹೋಗುತ್ತೇವೆ. ಡಂಬ ಅನ್ನುವಲ್ಲಿ ಮೂಲದಲ್ಲಿರುವ ಪದ ಅಲಜೊನೆಯಾ. ಗ್ರೀಕರ ಹಾಸ್ಯನಾಟಕಗಳಲ್ಲಿ ಅಲಜೋನ್ ಅಂತ ಒಂದು ಪಾತ್ರ ಮತ್ತೆ ಮತ್ತೆ ಬರುತ್ತಿತ್ತು. ತನ್ನಲ್ಲಿ ಇಲ್ಲದ್ದನ್ನು ಇದೆ ಅಂತ ಹೇಳಿಕೊಂಡು ತಿರುಗುವವನು. ಮಾಡದ ಸಾಹಸವನ್ನು ಮಾಡಿದೆ ಅನ್ನುವ ಸಿಪಾಯಿ, ಬಾರದ ವಿದ್ಯೆಯನ್ನು ಬಲ್ಲೆ ಅನ್ನುವ ಪಂಡಿತ. ಇನ್ನೊಬ್ಬರ ಕೆಲಸದ ಮೇಲೆ ತನ್ನ ಹೆಸರು ಹಾಕಿಕೊಳ್ಳುವುದಕ್ಕೆ ಇದಕ್ಕಿಂತ ಸರಿಯಾದ ಪದ ಹುಡುಕಿದರೂ ಸಿಗುವುದಿಲ್ಲ. ಅಂದರೆ ನಿಮ್ಮ ಮನೆಯೊಳಗೆ ಲೋಕ ಬಂದದ್ದು ಟಿವಿಯ ಮೂಲಕ ಅಂತ ನೀವು ಹುಡುಕುತ್ತಿದ್ದೀರಿ, ಅದು ಬಂದದ್ದು ಬಡ್ತಿಯ ಪತ್ರದಲ್ಲಿ.

ಆ ವಚನದಲ್ಲೇ ಇನ್ನೊಂದು ಪದ ಇದೆ, ಅದನ್ನು ತರಗತಿಯಲ್ಲಿ ತೋರಿಸಿದಾಗಲೆಲ್ಲ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಾಗುತ್ತಾರೆ. ಬದುಕುಬಾಳು ಅಂದಲ್ಲಿ ಇರುವುದು ಬಿಯೊಸ್. ಅದಕ್ಕೆ ಜೀವನ ಅಂತಲೂ ಅರ್ಥ ಇದೆ, ಜೀವನಕ್ಕೆ ಬೇಕಾದ ಆಸ್ತಿಪಾಸ್ತಿ ಅಂತಲೂ ಅರ್ಥ ಇದೆ. ಕನ್ನಡದ ಬದುಕು ಕೂಡ ಹಾಗೇ ಅಲ್ವಾ, ಬದುಕು ಅಂದರೆ ಜೀವನ, ಆಸ್ತಿ-ಬದುಕು ಅಂದರೆ ಹೊಲ ಮನೆ. ಈ ಬಿಯೊಸ್ ಇಡೀ ಪತ್ರಿಕೆಯಲ್ಲಿ ಬರುವುದು ಎರಡೇ ಕಡೆ. ಒಂದು ಇಲ್ಲಿ. ಇನ್ನೊಂದು 3:17ರಲ್ಲಿ. ಈ ಲೋಕದ ಬದುಕು ಇದ್ದವನು ತನ್ನ ಸಹೋದರನ ಕೊರತೆಯನ್ನು ಕಣ್ಣಾರೆ ನೋಡಿ, ಅವನಿಗೆ ತನ್ನ ಕರುಳನ್ನು ಮುಚ್ಚಿಕೊಂಡರೆ ದೇವರ ಪ್ರೀತಿ ಅವನಲ್ಲಿ ಇರುವುದು ಹೇಗೆ? ಕರುಳು ಅಂತ ನಾನು ಸುಮ್ನೆ ಚಂದಕ್ಕೆ ಹೇಳಿದ್ದಲ್ಲ, ಮೂಲದಲ್ಲಿ ಇರುವುದೇ ಕರುಳು. ನೋಡಿದಾಗ ಕರುಳು ಚುರ್ ಅನ್ನಬೇಕಾದ ಕಡೆ ಬಾಗಿಲು ಹಾಕಿಕೊಳ್ಳುವುದು. ನನ್ನ ಪಾಸ್‌ಬುಕ್ ಮೇಜಿನ ಮೇಲಿದ್ದ ದಿನ ನಾನು ಮಾಡಿದ್ದು ಅದನ್ನೇ.

ಲೋಕವನ್ನು ಪ್ರೀತಿಸುವುದು ಅಂದರೆ ಯೋಹಾನನ ಕಣ್ಣಿಗೆ ಹೀಗೆ ಕಾಣುತ್ತದೆ. ಕೈಯಲ್ಲಿ ಇರುವುದನ್ನು ಗಟ್ಟಿ ಹಿಡಿದುಕೊಂಡು ಮುಂದೆ ನಿಂತ ಮನುಷ್ಯನಿಗೆ ಬಾಗಿಲು ಹಾಕುವುದು. ಎರಡನೆಯ ಅಧ್ಯಾಯದಲ್ಲಿ ಲೋಕದ ಬಗ್ಗೆ ಹೇಳಿದ್ದರ ಮುಂದುವರಿದ ಭಾಗವೇ ಮೂರನೆಯ ಅಧ್ಯಾಯದ ಪ್ರೀತಿಯ ಮಾತು. ದೇವರು ಲೋಕವನ್ನು ಎಷ್ಟೋ ಪ್ರೀತಿಸಿದನು ಅನ್ನುವ ಯೋಹಾನನ ಸುವಾರ್ತೆ 3:16ರಲ್ಲೂ, ಲೋಕವನ್ನು ಪ್ರೀತಿಸಬೇಡಿ ಅನ್ನುವ ಈ ಪತ್ರಿಕೆಯಲ್ಲೂ ಲೋಕ ಅನ್ನುವುದಕ್ಕೆ ಅದೇ ಕೊಸ್ಮೊಸ್, ಪ್ರೀತಿಗೂ ಅದೇ ಕ್ರಿಯಾಪದ. ಬಹಳ ಜನ ಇದರಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಆದರೆ ದೇವರು ಪ್ರೀತಿಸಿದ್ದು ಕೊಟ್ಟು. ನಮಗೆ ಬೇಡ ಅಂದಿರುವ ಪ್ರೀತಿ ಬಾಚಿಕೊಳ್ಳುವ ಪ್ರೀತಿ.

ಹಾಗಾದರೆ ಟಿವಿ ತೆಗೆಸಿದ್ದು ತಪ್ಪಾ? ಇಲ್ಲ. ಬೇಕಾದರೆ ವಾಪಸು ತನ್ನಿ, ಬೇಡವಾದರೆ ಬಿಡಿ, ಅದು ದೊಡ್ಡ ವಿಷಯ ಅಂತ ನನಗೆ ಅನಿಸುವುದಿಲ್ಲ. ಕಣ್ಣಿನಾಶೆ ನಿಜವಾದದ್ದು, ಮಧ್ಯರಾತ್ರಿ ತನಕ ಫೋನು ಹಿಡಿದು ಕೂತವರಿಗೆಲ್ಲ ಅದು ಗೊತ್ತು. ಮೊದಲ ಕಾಲದ ಕ್ರೈಸ್ತ ಬೋಧಕರೂ ಅಖಾಡದ ಆಟಗಳಿಗೆ ಹೋಗಬೇಡಿ ಅನ್ನುತ್ತಿದ್ದರು. ಕ್ರಿ.ಶ. 200ರ ಸುಮಾರಿನಲ್ಲಿ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಅದರ ವಿರುದ್ಧ ಖಾರವಾಗಿಯೇ ಬರೆದಿದ್ದಾನೆ. ಅಲ್ಲಿ ಜನರ ಮನರಂಜನೆಗೆ ಮನುಷ್ಯರು ಸಾಯುತ್ತಿದ್ದರು ಅನ್ನುವುದನ್ನು ಮರೆಯಬಾರದು. ಆದರೆ ಹೊರಗಿನವರು ಕ್ರೈಸ್ತರ ಬಗ್ಗೆ ಆಡಿಕೊಳ್ಳುತ್ತಿದ್ದ ಮಾತು ಯಾವುದು ಅಂತಲೂ ಅದೇ ತೆರ್ತುಲ್ಲಿಯನ್ ಬರೆದಿಟ್ಟಿದ್ದಾನೆ: ನೋಡಿ, ಇವರು ಒಬ್ಬರನ್ನೊಬ್ಬರು ಹೇಗೆ ಪ್ರೀತಿಸುತ್ತಾರೆ. 362ರಲ್ಲಿ ರೋಮಿನ ಚಕ್ರವರ್ತಿ ಜೂಲಿಯನ್, ಕ್ರೈಸ್ತರನ್ನು ಕಂಡರೆ ಆಗದವನು, ತನ್ನ ಕಡೆಯ ಒಬ್ಬ ಪೂಜಾರಿಗೆ ಪತ್ರ ಬರೆದು ಬೇಸರ ಹೇಳಿಕೊಂಡ, ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಾರೆ ಅಂತ. ನೋಡದೇ ಬಿಟ್ಟದ್ದು ಯಾವುದು ಅನ್ನುವುದಕ್ಕಿಂತ ತೆರೆದ ಕೈ ಜಾಸ್ತಿ ಕಣ್ಣಿಗೆ ಬಿತ್ತು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದ ಕೊನೆಯನ್ನು ಒಮ್ಮೆ ನಿಧಾನವಾಗಿ ಓದಿ. ಮುಟ್ಟಬೇಡ, ರುಚಿ ನೋಡಬೇಡ ಅನ್ನುವ ನಿಯಮಗಳು ಜ್ಞಾನದ ಹಾಗೆ ಕಾಣುತ್ತವೆ, ಆದರೆ ಶಾರೀರಿಕ ಆಶೆಯನ್ನು ತಡೆಯಲು ಅವುಗಳಿಂದ ಏನೂ ಪ್ರಯೋಜನ ಇಲ್ಲ ಅಂತ ಅಲ್ಲಿದೆ.

ಗೆಳೆಯರನ್ನು ಬಿಟ್ಟದ್ದು ಮಾತ್ರ ನನಗೆ ಸರಿ ಕಾಣುತ್ತಿಲ್ಲ. ಯೋಹಾನ 17:15ರಲ್ಲಿ ಯೇಸು ತಂದೆಯ ಹತ್ತಿರ ಬೇಡಿದ್ದು, ಇವರನ್ನು ಲೋಕದಿಂದ ತೆಗೆದುಕೊಂಡು ಹೋಗು ಅಂತ ಅಲ್ಲ, ಕೆಡುಕನಿಂದ ಕಾಪಾಡು ಅಂತ. ಆ ಗೆಳೆಯರು ನಿಮ್ಮಿಂದ ಪಾಪ ಮಾಡಿಸುತ್ತಿದ್ದರು ಅಂತ ನೀವು ಬರೆದಿಲ್ಲ. ಅವರು ವಿಶ್ವಾಸಿಗಳಲ್ಲ ಅಷ್ಟೇ. ಅವರಿಗೆ ಫೋನು ಮಾಡಿ. ಈ ಒಂದು ವರ್ಷ ತಾವೇನು ತಪ್ಪು ಮಾಡಿದೆವು ಅಂತ ಅವರೂ ಯೋಚಿಸುತ್ತಿರಬಹುದು.

ಈ ಪತ್ರಿಕೆಯಲ್ಲಿ ಹಳೆಯ ಒಡಂಬಡಿಕೆಯಿಂದ ಹೆಸರು ಹಿಡಿದು ಹೇಳಿರುವುದು ಒಬ್ಬನನ್ನೇ, ತಮ್ಮನನ್ನು ಕೊಂದ ಕಾಯಿನನನ್ನು. ಕಾಯಿನ ಭೋಗಜೀವನದವನಲ್ಲ. ಹೊಲದಲ್ಲಿ ದುಡಿದವನು, ದೇವರ ಮುಂದೆ ಕಾಣಿಕೆ ತಂದು ನಿಂತವನು. ದೇವರ ಕಡೆಗೆ ಕೈ ಚಾಚಿದ್ದ, ತಮ್ಮನ ಕಡೆಗೆ ಮುಖ ಬಾಡಿತ್ತು. ಯೋಹಾನನ ಓದುಗರಿಗೂ ಅಂಥದ್ದೇ ಪರಿಸ್ಥಿತಿ ಇತ್ತು. ಕೆಲವರು ಸಭೆ ಬಿಟ್ಟು ಹೋಗಿದ್ದರು, 2:19ರಲ್ಲಿ ಅದು ಇದೆ. ಅದಕ್ಕೇ ಇರಬೇಕು ‘ಹೀಗೆ ಹೇಳಿದರೆ’ ಅನ್ನುವ ಮಾತು ಮೊದಲ ಅಧ್ಯಾಯದಲ್ಲೇ ಮೂರು ಸಲ ಬರುತ್ತದೆ. ದೇವರ ಸಂಗಡ ಅನ್ಯೋನ್ಯತೆ ಇದೆ ಅಂತ ಹೇಳಿದರೆ, ಪಾಪವಿಲ್ಲ ಅಂತ ಹೇಳಿದರೆ. ಮುಂದೆ 4:20ರಲ್ಲಿ, ದೇವರನ್ನು ಪ್ರೀತಿಸುತ್ತೇನೆ ಅಂತ ಹೇಳಿ ಸಹೋದರನನ್ನು ದ್ವೇಷಿಸಿದರೆ ಅವನು ಸುಳ್ಳುಗಾರ, ಕಂಡ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ. ನೀವು ಆಕೆಯನ್ನು ದ್ವೇಷಿಸುತ್ತೀರಿ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮಿಂದ ಅನ್ಯಾಯ ಆದವರು ಎದುರಿಗೆ ಬಂದರೆ ಮೈಯೆಲ್ಲಾ ಬಿಗಿಯಾಗುತ್ತದೆ. ದಿನಕ್ಕೆ ಎಂಟು ಗಂಟೆ ಆ ಬಿಗಿ ಹೊತ್ತುಕೊಂಡವರು ಮನೆಗೆ ಬಂದು ಅದನ್ನು ಎಲ್ಲಿ ಇಳಿಸುತ್ತಾರೆ? ಮಗಳ ಮೇಲೆ. ಮೊದಲು ಸಂಜೆ ಹೊತ್ತು ಅದನ್ನು ಮರೆಸಲು ಟಿವಿ ಇತ್ತು, ಈಗ ಅದೂ ಇಲ್ಲ. ನಿಮ್ಮ ಮಗಳು ಹೇಳಿದ್ದು ತುಂಬಾ ನಿಜವಾದ ಮಾತು.

ಇನ್ನು ಮಾಡಬೇಕಾದ್ದು. ಆಕೆಯ ಹತ್ತಿರ ಹೋಗುವ ಮೊದಲು ನಂಬಿಕೆಯ ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಿ. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಅಂತ ಯಾಕೋಬ 5:16ರಲ್ಲಿ ಇದೆ. ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳಲ್ಲಿ ಗುರುಗಳ ಮುಂದೆ ಪಾಪನಿವೇದನೆ ಮಾಡುವ ಪದ್ಧತಿ ಇದೆ. ಕಥೋಲಿಕರ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವರ್ಷಕ್ಕೆ ಒಮ್ಮೆಯಾದರೂ ಮಾಡಬೇಕು ಅಂತ ನಿಯಮ ಮಾಡಿತು, ಕೇಳಿದ್ದನ್ನು ಹೊರಗೆ ಹೇಳಿದ ಗುರುವಿಗೆ ಕಠಿಣ ಶಿಕ್ಷೆಯನ್ನೂ ಇಟ್ಟಿತು. ಪ್ರೊಟೆಸ್ಟೆಂಟರಲ್ಲೂ ಇದು ಇಲ್ಲದೇ ಇರಲಿಲ್ಲ. 1738ರಲ್ಲಿ ಮೆಥೊಡಿಸ್ಟ್ ಪಂಗಡದ ಮೂಲಪುರುಷ ಜಾನ್ ವೆಸ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ಬರೆದುಕೊಟ್ಟ ನಿಯಮದಲ್ಲಿ, ವಾರಕ್ಕೊಮ್ಮೆ ಸೇರಿದಾಗ ಪ್ರತಿಯೊಬ್ಬರಿಗೂ ಕೇಳಬೇಕಾದ ಮೊದಲ ಪ್ರಶ್ನೆಯೇ, ಕಳೆದ ಸಲ ಸೇರಿದ ಮೇಲೆ ಗೊತ್ತಿದ್ದು ಯಾವ ಪಾಪ ಮಾಡಿದ್ದೀರಿ ಅನ್ನುವುದು. ನಿಮ್ಮ ಸಭೆಯ ಪದ್ಧತಿ ಯಾವುದೇ ಇರಲಿ, ಒಬ್ಬರು ಸಾಕು. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಾಗಿರಬೇಕು, ನಿಮ್ಮನ್ನು ಸಮಾಧಾನ ಮಾಡಲು ಅವಸರ ಪಡದವರಾಗಿರಬೇಕು. ಇದರಿಂದ ಏನು ಪ್ರಯೋಜನ ಅಂದರೆ, ಆಕೆಯ ಮುಂದೆ ಕೂತಾಗ ನಿಮ್ಮ ಭಾರ ಇಳಿಸಿಕೊಳ್ಳುವ ಕೆಲಸವನ್ನು ಆಕೆಯ ತಲೆಗೆ ಕಟ್ಟುವುದಿಲ್ಲ.

ಆಕೆಯ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದಕ್ಕೆ ನಾನು ತುಂಬಾ ಗಮನ ಕೊಡುತ್ತೇನೆ, ಯಾಕೆಂದರೆ ಇಲ್ಲಿ ಎಡವಿದವರನ್ನು ಬಹಳ ನೋಡಿದ್ದೇನೆ. ಆಕೆ ನಿಮ್ಮ ಕೈಕೆಳಗೆ ಇದ್ದಾರೆ, ನಿಮ್ಮ ಕೋಣೆಗೆ ಕರೆಸಬೇಡಿ. ನೀವೇ ಹೋಗಿ ‘ಒಂದು ವಿಷಯದಲ್ಲಿ ನಿಮ್ಮ ಕ್ಷಮೆ ಕೇಳಬೇಕು, ನಿಮಗೆ ಯಾವಾಗ ಎಲ್ಲಿ ಅನುಕೂಲ, ಜೊತೆಗೆ ಯಾರಾದರೂ ಇರಬೇಕು ಅನಿಸಿದರೆ ಇರಲಿ’ ಅಂತ ಕೇಳಿ. ಮಾತಿಗೆ ಕೂತ ಮೇಲೆ ‘ನಾನು’ ಅಂತಲೇ ಶುರು ಮಾಡಿ. ಆ ಯೋಜನೆ ನಿಮ್ಮದು, ನಾನು ನನ್ನದು ಅಂತ ತೋರಿಸಿದೆ, ಅದರಿಂದ ನಿಮಗೆ ಸಿಗಬೇಕಾದ್ದು ನನಗೆ ಸಿಕ್ಕಿತು. ಇಷ್ಟೇ. ಆಗ ನನ್ನ ಪರಿಸ್ಥಿತಿ ಹೀಗಿತ್ತು, ಮೇಲಿನವರ ಒತ್ತಡ ಹಾಗಿತ್ತು ಅನ್ನುವುದು ಬೇಡ. ‘ದೇವರು ನನಗೆ ಹೇಳಿದ, ಅದಕ್ಕೇ ಬಂದೆ’ ಅಂತಲೂ ಹೇಳಬೇಡಿ. ನಿಮಗೆ ಅದು ಸತ್ಯ, ಆದರೆ ಆ ಮಾತು ಕೇಳಿದವರಿಗೆ ಕ್ಷಮಿಸದೇ ಇರಲು ದಾರಿಯೇ ಇಲ್ಲದ ಹಾಗೆ ಆಗುತ್ತದೆ. ಅತ್ತು ಅವರೇ ನಿಮ್ಮನ್ನು ಸಮಾಧಾನ ಮಾಡುವ ಹಾಗೆ ಮಾಡಬೇಡಿ. ಆಮೇಲೆ ಕೇಳಿ, ಇದನ್ನು ಸರಿ ಮಾಡಲು ನಾನು ಮೇಲಿನವರಿಗೆ ಹೇಳಲು ಸಿದ್ಧ, ನಿಮಗೆ ಅದು ಹೇಗೆ ಆಗಬೇಕು ಅಂತ. ಆಕೆ ಯೋಚಿಸಬೇಕು ಅಂದರೆ ಸಮಯ ಕೊಡಿ. ಸಿಟ್ಟು ಮಾಡಿದರೆ ಕೇಳಿಸಿಕೊಳ್ಳಿ. ಏನೂ ಮಾತಾಡದೆ ಎದ್ದು ಹೋದರೂ ಹಿಂದೆ ಹೋಗಬೇಡಿ.

ಕೆಲಸ ಹೋಗಬಹುದು ಅನ್ನುವ ಭಯ ನಿಮ್ಮ ಪತ್ರದಲ್ಲಿ ಇಲ್ಲ, ಆದರೂ ಅದು ಇದ್ದೇ ಇರುತ್ತದೆ. ಬಡ್ತಿ ಹೋಗಬಹುದು, ಹೆಸರೂ ಹೋಗಬಹುದು, ಏನೂ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಹೆಂಡತಿಯ ಹತ್ತಿರ ಮೊದಲೇ ಕೂತು ಮಾತಾಡಿ, ಅದರ ಪೆಟ್ಟು ಅವರಿಗೂ ಬೀಳುತ್ತದೆ. ತೆರಿಗೆ ವಸೂಲಿ ಮಾಡುತ್ತಿದ್ದ ಜಕ್ಕಾಯ ಎದ್ದು ನಿಂತು, ಅನ್ಯಾಯವಾಗಿ ತೆಗೆದುಕೊಂಡದ್ದರ ನಾಲ್ಕರಷ್ಟು ಕೊಡುತ್ತೇನೆ ಅಂದಾಗ ಅವನ ಕೈಯಿಂದ ನಿಜವಾದ ದುಡ್ಡು ಹೋಯಿತು. ಆದರೆ ಯೇಸು ಅವನ ಮನೆಗೆ ಬಂದದ್ದು ಅವನು ಆ ಮಾತು ಹೇಳುವುದಕ್ಕೆ ಮೊದಲು. ಆ ಕ್ರಮವನ್ನು ಮರೆಯಬೇಡಿ.

ಇದನ್ನು ಓದುವ ಬೇರೆಯವರಿಗೂ ಎರಡು ಮಾತು. ಎಲ್ಲ ಅರಿಕೆಯನ್ನೂ ನೊಂದವರ ಮುಂದೆ ಹೋಗಿಯೇ ಮಾಡಬೇಕು ಅಂತಿಲ್ಲ. ನಿಮ್ಮನ್ನು ಕಂಡರೆ ಹೆದರುವವರ ಮನೆ ಬಾಗಿಲಿಗೆ ಕ್ಷಮೆ ಕೇಳಲು ಹೋಗುವುದು ಇನ್ನೊಂದು ಹಿಂಸೆ. ಅಂಥ ಕಡೆ ದೂರ ಇರುವುದೇ ಪ್ರೀತಿ, ಕಾನೂನಿಗೆ ಹೇಳಬೇಕಾದ್ದನ್ನು ಕಾನೂನಿಗೆ ಹೇಳುವುದೇ ಅರಿಕೆ. ಇನ್ನು ಕೆಲವರು ಹೇಳಬೇಕಾದವರಿಗೆಲ್ಲ ಹೇಳಿ, ಕೊಡಬೇಕಾದ್ದನ್ನು ಕೊಟ್ಟು ಮುಗಿಸಿದರೂ ಒಳಗೆ ಚುಚ್ಚುತ್ತಲೇ ಇರುತ್ತದೆ. ಅಂಥವರಿಗೆ ಯೋಹಾನನ ಪತ್ರಿಕೆಯ 3:20 ಇದೆ, ನಮ್ಮ ಹೃದಯ ನಮ್ಮನ್ನು ಖಂಡಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು. ನೀವು ಆ ವಚನಕ್ಕೆ ಇನ್ನೂ ಬಂದಿಲ್ಲ, ಬರುತ್ತೀರಿ.

ಯೇಸುವಿನ ಶಿಷ್ಯ ಪೇತ್ರನ ವಿಷಯ ನಿಮಗೆ ಹೇಳದೆ ಮುಗಿಸಲು ಮನಸ್ಸು ಬರುತ್ತಿಲ್ಲ. ಅವನು ಯೇಸುವನ್ನು ಅರಿಯೆ ಅಂದದ್ದು ಒಂದು ಇದ್ದಲಿನ ಬೆಂಕಿಯ ಹತ್ತಿರ, ಯೋಹಾನ 18:18. ಇದ್ದಲಿನ ಬೆಂಕಿ ಅನ್ನುವ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, 21:9ರಲ್ಲಿ, ಎದ್ದು ಬಂದ ಯೇಸು ದಡದಲ್ಲಿ ಶಿಷ್ಯರಿಗೆ ಮೀನು ಸುಡುತ್ತಿರುವಾಗ. ಅದೇ ಬೆಂಕಿಯ ವಾಸನೆಗೆ ಪೇತ್ರನನ್ನು ಕರೆದು ಕೂರಿಸಿದ. ಯಾಕೆ ಹಾಗೆ ಮಾಡಿದೆ ಅಂತ ಒಂದು ಸಲವೂ ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿದ, ಮೂರು ಸಲವೂ ಕುರಿಗಳನ್ನು ಅವನ ಕೈಗೆ ಕೊಟ್ಟ. ಪೇತ್ರನಿಗೆ ನೋವಾಯಿತು ಅಂತ ಯೋಹಾನ ಬರೆದಿದ್ದಾನೆ, ಆ ನೋವನ್ನು ಯೇಸು ತಪ್ಪಿಸಲಿಲ್ಲ. ನಿಮ್ಮನ್ನೂ ಆಕೆಯ ಹತ್ತಿರಕ್ಕೆ ಕಳಿಸುತ್ತಿರುವುದು ಆ ಕೈಯೇ.

ಮಗಳಿಗೆ ಆಫೀಸಿನ ವಿಷಯ ಎಲ್ಲ ಈಗಲೇ ಹೇಳಬೇಕಿಲ್ಲ. ‘ನೀನು ಹೇಳಿದ್ದು ನಿಜ, ನಿನ್ನ ಮೇಲೆ ನಾನು ಸುಮ್ನೆ ರೇಗಿದೆ’ ಅಂತ ಹೇಳಿ, ಅವಳು ಏನಾದರೂ ಕೇಳಿದರೆ ಉತ್ತರ ಕೊಡಿ. ಮತ್ತೆ ಇವತ್ತು ರಾತ್ರಿ ಪ್ರಾರ್ಥನೆಗೆ ಕೂತಾಗ ‘ಆ ವಿಷಯ’ ಅನ್ನಬೇಡಿ. ಆಕೆಯ ಹೆಸರು ಹೇಳಿ, ಆಕೆ ಆ ಯೋಜನೆಗೆ ಕೂತ ತಿಂಗಳುಗಳನ್ನು ಹೇಳಿ. ಆಕೆಗೆ ಒಳ್ಳೆಯದಾಗಲಿ ಅಂತ ಬೇಡಿಕೊಳ್ಳಿ, ನಾಲ್ಕು ವರ್ಷದಲ್ಲಿ ಅದನ್ನು ಒಮ್ಮೆಯೂ ಬೇಡಿಕೊಂಡಿರಲಿಕ್ಕಿಲ್ಲ. ನಾಳೆ ಬೆಳಿಗ್ಗೆ ಆಕೆ ಕೆಲಸ ಶುರು ಮಾಡುವ ಮೊದಲು ಹೋಗಿ ಸಮಯ ಕೇಳಿ.